ಅಂಗನವಾಡಿಯಲ್ಲೊಂದು ಹೆರಿಗೆ ಪಾಠ: ಗರ್ಭಿಣಿಯರಿಗೆ ಕಲಿಸುವವರಿಗೆ ಸಮಗ್ರ ಮಾರ್ಗದರ್ಶಿ

ಬಸುರಿಗೆ ಬುದ್ಧಿ ಹೇಳುವವರಿಗೆ ಬರ ಇಲ್ಲ. ಅತ್ತೆ ಹೇಳುತ್ತಾರೆ, ಪಕ್ಕದ ಮನೆ ಅಜ್ಜಿ ಹೇಳುತ್ತಾರೆ, ಮೊಬೈಲ್‌ನಲ್ಲಿ ಬರುವ ವಿಡಿಯೊ ಹೇಳುತ್ತದೆ. ಪಪ್ಪಾಯಿ ಮುಟ್ಟಬೇಡ, ಗ್ರಹಣದ ದಿನ ಹೊರಗೆ ಬರಬೇಡ, ಇಬ್ಬರ ಊಟ ಮಾಡು. ಆದರೆ ಬೇನೆ ಶುರುವಾದಾಗ ಹೊಟ್ಟೆಯೊಳಗೆ ಏನಾಗುತ್ತದೆ, ಹೆರಿಗೆ ಕೋಣೆಯಲ್ಲಿ ಯಾರಿರುತ್ತಾರೆ, ಅಲ್ಲಿ ಬಾಯಿ ಬಿಟ್ಟು ಏನು ಕೇಳಬಹುದು, ಇದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಎಷ್ಟೋ ಹುಡುಗಿಯರು ಏನೂ ಗೊತ್ತಿಲ್ಲದೆ ಹೆರಿಗೆ ಮಂಚ ಹತ್ತುತ್ತಾರೆ. ಹೆದರಿಕೆಗೆ ಮೈ ಬಿಗಿಯಾಗುತ್ತದೆ. ಮೈ ಬಿಗಿಯಾದಷ್ಟೂ ನೋವು ಜಾಸ್ತಿ. ನೋವು ಜಾಸ್ತಿಯಾದಷ್ಟೂ ಹೆದರಿಕೆ.

ಹೆದರಿಕೆ, ಬಿಗಿತ, ನೋವು ಒಂದನ್ನೊಂದು ಹೀಗೆ ಎಳೆಯುತ್ತವೆ ಎಂದು 1930ರ ದಶಕದಲ್ಲೇ ವಿವರಿಸಿದವರು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್. 1950ರ ದಶಕದಲ್ಲಿ ಫ್ರಾನ್ಸಿನ ಫೆರ್ನಾಂಡ್ ಲಮಾಜ್ ಸೋವಿಯತ್ ಒಕ್ಕೂಟದಲ್ಲಿ ನೋಡಿ ಬಂದ ಉಸಿರಾಟದ ಅಭ್ಯಾಸವನ್ನು ಪ್ಯಾರಿಸ್‌ನ ಗರ್ಭಿಣಿಯರಿಗೆ ಕಲಿಸತೊಡಗಿದರು. ಇವತ್ತು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುವ 'ಲಮಾಜ್ ಕ್ಲಾಸ್'ಗಳ ಬೇರು ಅಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಧೈರ್ಯ ತುಂಬುವ ಕೆಲಸ ಸೂಲಗಿತ್ತಿಯರದ್ದಾಗಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು, ಜೀವಗಳು ಉಳಿದವು. ಆದರೆ ಪಕ್ಕದಲ್ಲಿ ಕೂತು ತಲೆ ಸವರುತ್ತಾ 'ಇನ್ನೇನು ಆಗೋಯ್ತು ಮಗಳೇ' ಎನ್ನುವ ದನಿ ಮನೆಯಲ್ಲೇ ಉಳಿದುಬಿಟ್ಟಿತು. ಆ ದನಿಯನ್ನು ಮತ್ತೆ ಹುಟ್ಟಿಸುವುದು ಪಾಠ ಮಾಡುವವರ ಕೆಲಸ.

ಈ ಬರಹ ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಟೀಚರ್‌ಗಳಿಗೆ, ಎಎನ್‌ಎಂ (ಹಳ್ಳಿಯ ಆರೋಗ್ಯ ಉಪಕೇಂದ್ರದ) ಸಿಸ್ಟರ್‌ಗಳಿಗೆ, ಇಂಥ ತರಗತಿ ಶುರು ಮಾಡಬೇಕು ಅಂದುಕೊಂಡಿರುವ ನರ್ಸ್ ಮತ್ತು ಫಿಸಿಯೋಥೆರಪಿಸ್ಟ್‌ಗಳಿಗೆ. ನನ್ನ ಮಾತು ಒಂದೇ: ಭಾಷಣ ಮಾಡಬೇಡಿ, ಅಭ್ಯಾಸ ಮಾಡಿಸಿ. ಕೇಳಿದ್ದು ಬೇನೆಯ ಹೊತ್ತಿನಲ್ಲಿ ಮರೆತುಹೋಗುತ್ತದೆ. ಕೈಯಲ್ಲಿ ಮಾಡಿದ್ದು, ಬಾಯಲ್ಲಿ ಆಡಿದ್ದು ಉಳಿಯುತ್ತದೆ.

ಹೆಜ್ಜೆ 1: ದಿನ, ಜಾಗ, ಗುಂಪು

ಹೊಸ ಜಾಗ ಹುಡುಕಬೇಡಿ. ಗರ್ಭಿಣಿಯರು ಈಗಾಗಲೇ ಎಲ್ಲಿಗೆ ಬರುತ್ತಾರೋ ಅಲ್ಲೇ ಮಾಡಿ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಅಂಥ ಜಾಗ. 1975ರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಿಂದ ಶುರುವಾದ ಈ ವ್ಯವಸ್ಥೆ ಇವತ್ತು ಊರೂರಲ್ಲೂ ಇದೆ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಬಂದ ಮೇಲೆ ಗರ್ಭಿಣಿ, ಬಾಣಂತಿಯರಿಗೆ ಅಲ್ಲೇ ಮಧ್ಯಾಹ್ನದ ಬಿಸಿಯೂಟ. ಊಟಕ್ಕೆ ಮುಂಚಿನ ಒಂದು ಗಂಟೆ ನಿಮ್ಮದು. ಊಟ ಆದ ಮೇಲೆ ಇಟ್ಟುಕೊಂಡರೆ ಅರ್ಧ ಜನಕ್ಕೆ ನಿದ್ದೆ, ಇನ್ನರ್ಧಕ್ಕೆ ಮನೆ ಕೆಲಸದ ಚಿಂತೆ.

ಊಟಕ್ಕೆ ಬರುವವರು ಕಡಿಮೆ ಇರುವ ಕಡೆ ಬೇರೆ ದಿನ ಆರಿಸಿಕೊಳ್ಳಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ. ಅಲ್ಲಿ ಸರದಿಗೆ ಕಾಯುವ ಹೊತ್ತೇ ದೊಡ್ಡ ತರಗತಿ ಆಗಬಹುದು. ತಾಯಂದಿರ ಸಭೆ, ಅಂಗನವಾಡಿಯ ಸೀಮಂತ ಕಾರ್ಯಕ್ರಮ ಕೂಡ ನಡೆಯುತ್ತದೆ. ಸೀಮಂತದ ದಿನ ಮಾತ್ರ ಪಾಠ ಜಾಸ್ತಿ ಬೇಡ. ಬಳೆ ತೊಡುವ ಖುಷಿಯಲ್ಲಿ ಇರಲಿ.

ಒಂದು ಗುಂಪಿಗೆ 8ರಿಂದ 10 ಜನ ಸಾಕು. ಇಪ್ಪತ್ತು ಜನ ಸೇರಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಸೆರಗು ತಿರುಚುತ್ತಾ ಕೂರುತ್ತಾರೆ. ನಾಲ್ಕು ತರಗತಿ ಇಟ್ಟುಕೊಳ್ಳಿ. ಮೊದಲನೆಯದು ನಾಲ್ಕು-ಐದನೇ ತಿಂಗಳಲ್ಲಿ, ಉಳಿದ ಮೂರು ಆರರಿಂದ ಎಂಟನೇ ತಿಂಗಳೊಳಗೆ. ಏಕೆ ಇಷ್ಟು ಬೇಗ? ಮೊದಲ ಹೆರಿಗೆಗೆ ನಮ್ಮಲ್ಲಿ ಹುಡುಗಿ ಏಳನೇ ಅಥವಾ ಒಂಬತ್ತನೇ ತಿಂಗಳಲ್ಲಿ ತವರಿಗೆ ಹೋಗುತ್ತಾಳೆ. ಹೆರಿಗೆ ಪಾಠ ಕೊನೆಗೆ ಇಟ್ಟುಕೊಂಡರೆ ಕೇಳುವವಳೇ ಊರಲ್ಲಿ ಇರುವುದಿಲ್ಲ.

ನೆಲದಲ್ಲಿ ಚಾಪೆ ಹಾಕಿ ದುಂಡಗೆ ಕೂರಿಸಿ. ನೀವೂ ಚಾಪೆಯ ಮೇಲೇ ಕೂರಿ. ಗೋಡೆಗೆ ಒರಗುವವರು ಒರಗಲಿ, ಕಾಲು ಚಾಚುವವರು ಚಾಚಲಿ. ಬಾಗಿಲಲ್ಲಿ ಗಂಡಸರು ಓಡಾಡದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಹೆಜ್ಜೆ 2: ಅಮ್ಮ, ಅತ್ತೆಯನ್ನೂ ಕರೆಯಿರಿ

ಮನೆಯಲ್ಲಿ ಏನು ಬೇಯುತ್ತದೆ, ಆಸ್ಪತ್ರೆಗೆ ಯಾವಾಗ ಹೊರಡುತ್ತಾರೆ, ಮಗುವಿನ ಬಾಯಿಗೆ ಮೊದಲು ಏನು ಬೀಳುತ್ತದೆ, ಇದನ್ನೆಲ್ಲ ತೀರ್ಮಾನ ಮಾಡುವುದು ಬಸುರಿಯಲ್ಲ. ಅತ್ತೆ ಅಥವಾ ಅಮ್ಮ. ಹುಡುಗಿಗೆ ಮಾತ್ರ ಕಲಿಸಿ ಕಳಿಸಿದರೆ ಅವಳು ಮನೆಯಲ್ಲಿ ಜಗಳ ಮಾಡಬೇಕಾಗುತ್ತದೆ. ಅದು ಅವಳ ತಲೆಗೆ ಇನ್ನೊಂದು ಭಾರ, ಅಲ್ವಾ?

ಹಾಗಾಗಿ ಎರಡನೇ ತರಗತಿಯಿಂದ ಹಿರಿಯರನ್ನು ಕರೆಯಿರಿ. 'ನಿಮಗೆ ಹೇಳಿಕೊಡ್ತೀವಿ' ಎಂದು ಕರೆದರೆ ಬರುವುದಿಲ್ಲ. 'ಅಮ್ಮಾ, ನಿಮ್ಮ ಕಾಲದಲ್ಲಿ ಹೇಗೆ ಮಾಡ್ತಿದ್ರಿ ಅಂತ ಈ ಹುಡುಗೀರಿಗೆ ಸ್ವಲ್ಪ ಹೇಳಿ ಬನ್ನಿ' ಎಂದು ಕರೆಯಿರಿ. ಬಂದೇ ಬರುತ್ತಾರೆ. ಅವರು ಹೇಳುವುದರಲ್ಲಿ ಒಳ್ಳೆಯದು ಬಹಳ ಇರುತ್ತದೆ. ಬೇನೆ ಬಂದಾಗ ಓಡಾಡಿಸುತ್ತಿದ್ದದ್ದು, ಸೊಂಟ ತೀಡುತ್ತಿದ್ದದ್ದು, ಗಂಜಿ ಕುಡಿಸುತ್ತಿದ್ದದ್ದು, ಎಲ್ಲವನ್ನೂ ಇವತ್ತಿನ ವೈದ್ಯಶಾಸ್ತ್ರ ಒಪ್ಪುತ್ತದೆ. ಮೊದಲು ಇವುಗಳನ್ನು ಎಲ್ಲರೆದುರು ಮೆಚ್ಚಿ. ಆಮೇಲೆ ಜೇನು ನೆಕ್ಕಿಸುವ ವಿಷಯಕ್ಕೆ ಬನ್ನಿ. ಆಗ ಅವರು ಕೇಳಿಸಿಕೊಳ್ಳುತ್ತಾರೆ.

ಗಂಡಂದಿರಿಗೆ ಒಂದು ಸಂಜೆ ಬೇರೆ ಇಟ್ಟುಕೊಳ್ಳಿ, ಅರ್ಧ ಗಂಟೆ ಸಾಕು. ವಾಹನ, ದುಡ್ಡು, ರಕ್ತ ಕೊಡುವವರು, ಅಪಾಯದ ಚಿಹ್ನೆ. ಈ ನಾಲ್ಕನ್ನು ಅವರ ತಲೆಗೆ ಹಾಕಿ.

ಹೆಜ್ಜೆ 3: ಕೈಚೀಲದಲ್ಲಿ ಏನಿರಬೇಕು

ಪ್ರೊಜೆಕ್ಟರ್ ಬೇಡ. ಒಂದು ಬಟ್ಟೆ ಗೊಂಬೆ, ಕಾಲುಚೀಲಕ್ಕೆ ಹತ್ತಿ ತುಂಬಿ ಹೊಲಿದ ಎದೆಯ ಮಾದರಿ, ನಾಲ್ಕೈದು ಬಲೂನು, ಒಂದು ಟೇಬಲ್ ಟೆನಿಸ್ ಚೆಂಡು, ರಟ್ಟಿನಲ್ಲಿ ಕತ್ತರಿಸಿದ 1, 3, 5, 10 ಸೆಂಟಿಮೀಟರ್‌ನ ತೂತುಗಳು, ಒಂದು ಖಾಲಿ ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣೆಯ ವಿವರ ಬರೆಯುವ ಕಾರ್ಡ್), ಸೆಕೆಂಡು ಮುಳ್ಳಿರುವ ಗಡಿಯಾರ. ಮೂರನೇ ತರಗತಿಯ ದಿನ ಅಂಗಡಿಯಿಂದ ಸ್ವಲ್ಪ ಐಸ್ ತನ್ನಿ. ಲಸಿಕೆ ಪೆಟ್ಟಿಗೆಯ ಐಸ್‌ ಪ್ಯಾಕ್‌ಗೆ ಮಾತ್ರ ಕೈ ಹಾಕಬೇಡಿ, ಅದು ಲಸಿಕೆಗೇ ಮೀಸಲು.

ಹೆಜ್ಜೆ 4: ಮೊದಲ ತರಗತಿ, ಕೇಳಿಸಿಕೊಳ್ಳುವ ದಿನ

ಮೊದಲ ದಿನ ನೀವು ಕಡಿಮೆ ಮಾತಾಡಿ. 'ಹೆರಿಗೆ ಅಂದ ತಕ್ಷಣ ನಿಮಗೆ ಯಾವುದು ಜಾಸ್ತಿ ಹೆದರಿಕೆ?' ಎಂದು ಒಬ್ಬೊಬ್ಬರನ್ನೇ ಕೇಳಿ. ಒಬ್ಬಳಿಗೆ ಹೊಲಿಗೆಯ ಹೆದರಿಕೆ, ಒಬ್ಬಳಿಗೆ ಬೈಗುಳದ ಹೆದರಿಕೆ, ಒಬ್ಬಳಿಗೆ ಹೆಣ್ಣು ಮಗು ಆದರೆ ಎಂಬ ಹೆದರಿಕೆ. ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಮುಂದಿನ ಮೂರು ತರಗತಿಯ ಪಠ್ಯ ಅದೇ.

ಕೇಳಿ ಕಲಿಸುವುದಕ್ಕೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಜಾರ್ಖಂಡ್, ಒಡಿಶಾದ ಹಳ್ಳಿಗಳು ಸಾಕ್ಷಿ. ಅಲ್ಲಿ 'ಏಕ್‌ಜುಟ್' ಸಂಸ್ಥೆ ಹೆಂಗಸರ ಗುಂಪುಗಳನ್ನು ತಿಂಗಳಿಗೊಮ್ಮೆ ಕೂರಿಸಿ, ಚಿತ್ರ ಮತ್ತು ಕತೆಗಳ ಮೂಲಕ ಅವರದ್ದೇ ಊರಿನ ತೊಂದರೆಗಳನ್ನು ಅವರಿಂದಲೇ ಹೇಳಿಸಿ, ಪರಿಹಾರವನ್ನೂ ಅವರೇ ಹುಡುಕುವ ಹಾಗೆ ಮಾಡಿತು. 2010ರಲ್ಲಿ ಪ್ರಕಟವಾದ ಅದರ ಅಧ್ಯಯನದ ಪ್ರಕಾರ ಸಭೆ ನಡೆದ ಊರುಗಳಲ್ಲಿ ನವಜಾತ ಶಿಶುಗಳ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಯಾವ ಯಂತ್ರವೂ ಇಲ್ಲ, ಬರೀ ಮಾತುಕತೆ.

ಆಮೇಲೆ ತಾಯಿ ಕಾರ್ಡ್ ತೆಗೆಸಿ. ಪ್ರತಿಯೊಬ್ಬರೂ ತಮ್ಮ ಕಾರ್ಡ್‌ನಲ್ಲಿ ನಾಲ್ಕು ಜಾಗಕ್ಕೆ ಬೆರಳಿಟ್ಟು ತೋರಿಸಲಿ: ಹೆರಿಗೆಯ ಅಂದಾಜು ದಿನ, ರಕ್ತದ ಗುಂಪು, ಎಚ್‌ಬಿ (ರಕ್ತದಲ್ಲಿನ ಹಿಮೋಗ್ಲೋಬಿನ್), ಬಿಪಿ. ಓದು ಬಾರದವರಿಗೆ ಪಕ್ಕದವಳು ಓದಿ ಹೇಳಲಿ. ಎಚ್‌ಬಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತಡ ಮಾಡದೆ ದೊಡ್ಡ ಆಸ್ಪತ್ರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಜಾಸ್ತಿ ಜನಕ್ಕೆ ರಕ್ತಹೀನತೆ ಇತ್ತು. ಅಂದರೆ ನಿಮ್ಮ ಚಾಪೆಯ ಮೇಲೆ ಕೂತ ಹತ್ತರಲ್ಲಿ ನಾಲ್ಕೈದು ಜನ.

ಕಬ್ಬಿಣದ ಕೆಂಪು ಮಾತ್ರೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕಡಿಮೆಯೆಂದರೂ 180 ದಿನ. ಹೆರಿಗೆ ಆದ ಮೇಲೆ ಮತ್ತೆ 180 ದಿನ. ರಕ್ತಹೀನತೆ ಇದ್ದವರಿಗೆ ಎಷ್ಟು ಎಂದು ಡಾಕ್ಟರ್ ಹೇಳುತ್ತಾರೆ. 'ತಗೋತಿದ್ದೀರಾ?' ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. 'ನಿಲ್ಲಿಸಿದವರು ಯಾಕೆ ನಿಲ್ಲಿಸಿದ್ರಿ?' ಎಂದು ಕೇಳಿ. ವಾಕರಿಕೆ, ಮಲಬದ್ಧತೆ, ಮಲ ಕಪ್ಪಾಗಿದ್ದು, ಮಗು ಕಪ್ಪಾಗುತ್ತೆ ಎಂದು ಯಾರೋ ಹೇಳಿದ್ದು, ಎಲ್ಲ ಹೊರಬರುತ್ತದೆ. ಮಲ ಕಪ್ಪಾಗುವುದು ಮಾತ್ರೆಯಿಂದ, ಅದರಿಂದ ತೊಂದರೆ ಇಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಕೇಸರಿ ಹಾಲಿಗೂ ಸಂಬಂಧ ಇಲ್ಲ. ರಾತ್ರಿ ಊಟವಾದ ಮೇಲೆ ನಿಂಬೆ ಪಾನಕದ ಜೊತೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಕಾಫಿ, ಟೀ, ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ, ನಡುವೆ ಎರಡು ಗಂಟೆ ಬಿಡಿ.

ಊಟದ ಪಾಠ ಉದ್ದ ಮಾಡಬೇಡಿ. ರಾಗಿ, ಮೊಳಕೆ ಕಾಳು, ನುಗ್ಗೆ ಸೊಪ್ಪು, ಮೊಟ್ಟೆ, ಕಡಲೆಬೀಜ. ದಿನಕ್ಕೆ ಮೂರು ಸಲ ತಿನ್ನುತ್ತಿದ್ದವರು ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ತಿನ್ನಲಿ. ಎಲ್ಲರ ಊಟ ಮುಗಿದ ಮೇಲೆ ಉಳಿದದ್ದು ತಿನ್ನುವ ಸೊಸೆ ಯಾರು ಎಂದು ಗಮನಿಸಿ. ಅವಳ ಮನೆಗೆ ಹೋಗಿ ಬರಬೇಕು.

ಹೆಜ್ಜೆ 5: ಎರಡನೇ ತರಗತಿ, ಬಲೂನಿನ ಹೆರಿಗೆ

ನನಗೆ ಬಹಳ ಇಷ್ಟವಾದ ಪಾಠ ಇದು. ಟೇಬಲ್ ಟೆನಿಸ್ ಚೆಂಡನ್ನು ಬಲೂನಿನೊಳಗೆ ತೂರಿಸಿ. ಬಲೂನು ಊದಿ, ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಚೆಂಡು ಜಾರಿ ಬಂದು ಕುತ್ತಿಗೆಯಲ್ಲಿ ಕೂರುತ್ತದೆ, ಗಾಳಿ ಹೋಗುವುದಿಲ್ಲ. ಬಲೂನಿನ ಕುತ್ತಿಗೆ ಒಂದು ಅಂಗುಲದಷ್ಟು ಉದ್ದ ಕಾಣಬೇಕು. ತೀರಾ ಬಿಗಿಯಾಗಿದ್ದರೆ ಸ್ವಲ್ಪ ಗಾಳಿ ಬಿಡಿ.

ಈಗ ಹೇಳಿ: ಬಲೂನು ಗರ್ಭಕೋಶ, ಚೆಂಡು ಮಗುವಿನ ತಲೆ, ಕುತ್ತಿಗೆ ಗರ್ಭಕೋಶದ ಬಾಯಿ.

ಮೊದಲು ಎರಡೂ ಪಕ್ಕದಿಂದ ಮೆಲ್ಲಗೆ ಒತ್ತಿ ಬಿಡಿ. ಕುತ್ತಿಗೆಯಲ್ಲಿ ಏನೂ ಬದಲಾಗುವುದಿಲ್ಲ. ಸುಳ್ಳು ಬೇನೆ ಇದು. ಹೊಟ್ಟೆ ಗಟ್ಟಿಯಾಗುತ್ತದೆ, ನಡೆದಾಡಿದರೆ, ಮಲಗಿದರೆ, ನೀರು ಕುಡಿದರೆ ಹೋಗುತ್ತದೆ. ಆಮೇಲೆ ಬಲೂನಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಮುಖವಾಗಿ ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ. ಹತ್ತು ಹದಿನೈದು ಸಲ ಆದ ಮೇಲೆ ಎಲ್ಲರೂ ಮುಂದೆ ಬಾಗಿ ನೋಡಲು ಶುರು ಮಾಡುತ್ತಾರೆ. ಉದ್ದವಿದ್ದ ಕುತ್ತಿಗೆ ಗಿಡ್ಡವಾಗುತ್ತದೆ, ತೆಳ್ಳಗಾಗುತ್ತದೆ. ಆಮೇಲೆ ಬಾಯಿ ತೆರೆಯುತ್ತದೆ. ಚೆಂಡಿನ ಬಿಳಿ ಕಾಣುತ್ತದೆ. ಕೊನೆಗೆ ಟಪ್ಪನೆ ಹೊರಗೆ ಬೀಳುತ್ತದೆ. ಎಲ್ಲರೂ ನಗುತ್ತಾರೆ, ಯಾರಾದರೂ ಒಬ್ಬರು ಚಪ್ಪಾಳೆ ತಟ್ಟುತ್ತಾರೆ. ಬಲೂನನ್ನು ಅವರ ಕೈಗೇ ಕೊಡಿ, ಒಬ್ಬೊಬ್ಬರೂ ಮಾಡಲಿ.

ಇಷ್ಟಾದ ಮೇಲೆ ರಟ್ಟಿನ ತೂತುಗಳನ್ನು ತೋರಿಸಿ. ಗರ್ಭಕೋಶದ ಬಾಯಿ ತೆರೆಯುವುದು ಒಂದರಿಂದ ಐದು ಸೆಂಟಿಮೀಟರ್‌ವರೆಗೆ ನಿಧಾನ. ಮೊದಲ ಹೆರಿಗೆಯಲ್ಲಿ ಇದಕ್ಕೇ ಒಂದು ದಿನ ಹಿಡಿಯಬಹುದು, ಜಾಸ್ತಿಯೂ ಆಗಬಹುದು. ಐದರ ಮೇಲೆ ಚುರುಕು. ಅಲ್ಲಿಂದ ಹತ್ತು ಸೆಂಟಿಮೀಟರ್ ಆಗುವುದಕ್ಕೆ ಚೊಚ್ಚಲಿಗೆ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ, ಆಮೇಲಿನ ಹೆರಿಗೆಗಳಲ್ಲಿ 10 ಗಂಟೆ ಮೀರುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುತ್ತದೆ. ಹತ್ತು ಪೂರ್ತಿ ಆಗುವ ಮುಂಚೆ ಮುಕ್ಕಬಾರದು, ಸುಮ್ನೆ ಸುಸ್ತಾಗುತ್ತದೆ. 'ಎರಡು ಸೆಂಟಿಮೀಟರ್ ಅಷ್ಟೇ' ಎಂದು ಸಿಸ್ಟರ್ ಹೇಳಿದಾಗ ಎದೆ ಒಡೆದುಕೊಳ್ಳುವ ಹುಡುಗಿಗೆ, ಕುತ್ತಿಗೆ ತೆಳ್ಳಗಾಗುವುದೂ ಕೆಲಸವೇ ಎಂಬುದು ಈಗ ಗೊತ್ತಿರುತ್ತದೆ. ಮಗು ಬಂದ ಮೇಲೆ ಮಾಸು ಬೀಳಬೇಕು ಎನ್ನುವುದನ್ನೂ ಹೇಳಿ. ಎಷ್ಟೋ ಜನಕ್ಕೆ ಅದು ಗೊತ್ತೇ ಇರುವುದಿಲ್ಲ.

ಹೆಜ್ಜೆ 6: ಮೂರನೇ ತರಗತಿ, ಐಸ್ ಮತ್ತು ಉಸಿರು

ಪ್ರತಿಯೊಬ್ಬರ ಅಂಗೈಗೆ ಒಂದು ತುಂಡು ಐಸ್ ಕೊಡಿ. ಮುಷ್ಟಿ ಕಟ್ಟಿ ಒಂದು ನಿಮಿಷ ಹಿಡಿಯಬೇಕು, ಅದಕ್ಕಿಂತ ಜಾಸ್ತಿ ಬೇಡ. ಮೊದಲ ಸಲ ಏನೂ ಹೇಳಬೇಡಿ. ಹಲ್ಲು ಕಚ್ಚುತ್ತಾರೆ, ಭುಜ ಮೇಲೇರುತ್ತದೆ, ಉಸಿರು ಕಟ್ಟುತ್ತಾರೆ, ಗಡಿಯಾರ ನೋಡುತ್ತಾರೆ. ಇದನ್ನೆಲ್ಲ ಅವರಿಗೇ ತೋರಿಸಿ: 'ನೋಡಿ, ನಿಮ್ಮ ಭುಜ ಎಲ್ಲಿಗೆ ಹೋಗಿದೆ!'

ಕೈ ಒರೆಸಿಕೊಂಡು ಇನ್ನೊಂದು ಕೈಯಲ್ಲಿ ಮತ್ತೆ ಹಿಡಿಯಲಿ. ಈ ಸಲ ಮೂಗಿನಿಂದ ಉಸಿರು ತೆಗೆದುಕೊಂಡು ಬಾಯಿಂದ 'ಹೂ...' ಎಂದು ನಿಧಾನವಾಗಿ ಬಿಡಬೇಕು. ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದ ಇರಬೇಕು. ಭುಜ ಸಡಿಲ, ದವಡೆ ಸಡಿಲ, ಕಾಲಿನ ಬೆರಳು ಸಡಿಲ. ಪಕ್ಕದಲ್ಲಿ ಕೂತ ಅಮ್ಮನೋ ಅತ್ತೆಯೋ ಜೊತೆಗೆ ಉಸಿರು ಬಿಡಲಿ, 'ಅರ್ಧ ಆಯ್ತು, ಇನ್ನು ಸ್ವಲ್ಪ' ಎಂದು ಹೇಳುತ್ತಿರಲಿ. ಐಸ್ ಅದೇ, ಚಳಿಯೂ ಅಷ್ಟೇ. ಆದರೆ ಎರಡನೇ ನಿಮಿಷ ಸುಲಭವಾಯಿತು ಎಂದು ಬಹಳ ಜನ ಹೇಳುತ್ತಾರೆ. ಅದನ್ನು ಅವರ ಬಾಯಿಂದಲೇ ಹೇಳಿಸಿ.

ಒಂದು ಲೆಕ್ಕವನ್ನೂ ಹೇಳಿ. ಐದು ನಿಮಿಷಕ್ಕೊಂದು ಬೇನೆ, ಪ್ರತಿಯೊಂದೂ ಒಂದು ನಿಮಿಷ ಎಂದುಕೊಂಡರೆ ಗಂಟೆಗೆ 12 ನಿಮಿಷ ನೋವು, 48 ನಿಮಿಷ ಬಿಡುವು. ಬೇನೆ ಹತ್ತಿರ ಹತ್ತಿರ ಆದಾಗ ಬಿಡುವು ಕಡಿಮೆಯಾಗುತ್ತದೆ, ಆದರೂ ಇದ್ದೇ ಇರುತ್ತದೆ. ಆ ಬಿಡುವಿನಲ್ಲಿ ಮುಂದಿನ ಬೇನೆಗೆ ಹೆದರುತ್ತಾ ಕೂರದೆ ಮೈ ಬಿಟ್ಟು ಒರಗಬೇಕು.

ಭಂಗಿಗಳನ್ನು ಮಾಡಿಸಿಯೇ ಕಲಿಸಿ. ಗೋಡೆಗೆ ಕೈ ಕೊಟ್ಟು ಮುಂದಕ್ಕೆ ಬಾಗಿ ಸೊಂಟ ಅಲ್ಲಾಡಿಸುವುದು. ಮಂಡಿ ಮತ್ತು ಅಂಗೈ ಊರಿ ನಿಲ್ಲುವುದು. ಎಡ ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು ಇಡುವುದು. ಜೊತೆಗೆ ಬಂದವರು ಅಂಗೈಯ ಬುಡದಿಂದ ಸೊಂಟದ ಕೆಳಭಾಗ ಗಟ್ಟಿಯಾಗಿ ಒತ್ತುವುದು ಕಲಿಯಲಿ. ಎಷ್ಟು ಗಟ್ಟಿ ಎಂದು ಬಸುರಿಯೇ ಹೇಳಲಿ. ರಕ್ತಸ್ರಾವ ಆಗಿರುವವರಿಗೆ, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದವರಿಗೆ, ಡಾಕ್ಟರ್ ವಿಶ್ರಾಂತಿ ಹೇಳಿದವರಿಗೆ ಈ ಅಭ್ಯಾಸ ಬೇಡ. ಅವರು ಕೂತು ಉಸಿರಾಟ ಮಾತ್ರ ಮಾಡಲಿ.

ಇನ್ನು ಜೊತೆಗಾತಿ. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಒಬ್ಬ ಹೆಂಗಸು ಜೊತೆಗಿರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅವಕಾಶ ಕೊಟ್ಟಿದೆ. ಆಕೆ ಹೆರಿಗೆಯ ಅನುಭವ ಇದ್ದವಳಾಗಿರಬೇಕು. ಜೊತೆಗೆ ಒಬ್ಬರು ಬಿಡದೆ ಇದ್ದರೆ ಬೇನೆಯ ಹೊತ್ತು ಕಡಿಮೆಯಾಗುತ್ತದೆ, ಸಿಜೇರಿಯನ್ ಸಾಧ್ಯತೆಯೂ ಕಡಿಮೆಯಾಗುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಆದರೆ ಜಾಗ ಇಲ್ಲ, ಗಲಾಟೆ ಆಗುತ್ತೆ ಎಂದು ಹೊರಗೆ ಕಳಿಸುವ ಕಡೆಗಳೂ ಇವೆ. ಆದ್ದರಿಂದ ಎಂಟನೇ ತಿಂಗಳ ತಪಾಸಣೆಗೆ ಹೋದಾಗಲೇ ಕೇಳಿಟ್ಟುಕೊಳ್ಳಲಿ.

ಕೇಳುವುದನ್ನೂ ಕಲಿಸಬೇಕು. ಒಬ್ಬಳನ್ನು ಸಿಸ್ಟರ್ ಮಾಡಿ, ಒಬ್ಬಳನ್ನು ಬಸುರಿ ಮಾಡಿ, ಒಬ್ಬಳನ್ನು ಜೊತೆಗಾತಿ ಮಾಡಿ ಆಟ ಆಡಿಸಿ. 'ಸಿಸ್ಟರ್, ಈಗ ಎಷ್ಟು ತೆರೆದಿದೆ?' 'ಮೇಡಂ, ಈ ಇಂಜೆಕ್ಷನ್ ಯಾಕೆ ಅಂತ ಹೇಳ್ತೀರಾ?' 'ಸ್ವಲ್ಪ ಓಡಾಡಬಹುದಾ?' 'ನನ್ನ ಅತ್ತೆ ಒಳಗೆ ಇರಲಿ ಸಿಸ್ಟರ್, ಅವರು ಏನೂ ತೊಂದರೆ ಕೊಡಲ್ಲ.' ಈ ನಾಲ್ಕು ಮಾತು ಬಾಯಿಗೆ ಬಂದರೆ ಸಾಕು. ಸಿಸ್ಟರ್ ಪಾತ್ರ ಮಾಡಿದವಳು ಜೋರಾಗಿ ಗದರಿದರೆ ತಡೆಯಬೇಡಿ. ಅಂಥ ಹೊತ್ತಲ್ಲಿ ಏನು ಮಾಡಬಹುದು ಎಂದು ಗುಂಪನ್ನೇ ಕೇಳಿ.

ಹೆಜ್ಜೆ 7: ಹೊರಡುವ ತಯಾರಿ, ತವರಿನ ಲೆಕ್ಕ

ಅಪಾಯದ ಚಿಹ್ನೆಗಳನ್ನು ಪ್ರತಿ ತರಗತಿಯ ಕೊನೆಗೂ ಹೇಳಿಸಿ, ಪಾಠ ಒಪ್ಪಿಸುವ ಹಾಗೆ. ರಕ್ತ ಹೋಗುವುದು. ವಿಪರೀತ ತಲೆನೋವು, ಕಣ್ಣು ಮಂಜಾಗುವುದು. ಮುಖ, ಕೈ ಊದುವುದು. ಫಿಟ್ಸ್. ಜ್ವರ. ಕೂತಲ್ಲೇ ಏದುಸಿರು. ನಿಲ್ಲದ ಹೊಟ್ಟೆನೋವು. ನೀರು ಹೋಗುವುದು. ಮಗುವಿನ ಅಲುಗಾಟ ಕಡಿಮೆಯಾಗುವುದು. ಕೊನೆಯದಕ್ಕೆ ಒತ್ತು ಕೊಡಿ. 'ದಿನ ತುಂಬಿದ ಮೇಲೆ ಮಗು ಕಡಿಮೆ ಅಲುಗುತ್ತೆ' ಎಂಬ ಮಾತು ತಪ್ಪು. ಅಲುಗಾಟ ಕಡಿಮೆ ಅನಿಸಿದರೆ ಅವತ್ತೇ ಹೋಗಬೇಕು, ನಾಳೆ ಬೆಳಿಗ್ಗೆ ಅಲ್ಲ.

ಬೇನೆ ಐದು ನಿಮಿಷಕ್ಕೊಂದು ಬರುತ್ತಾ, ಒಂದೊಂದೂ ಒಂದು ನಿಮಿಷ ಇರುತ್ತಾ, ಹೀಗೆ ಒಂದು ಗಂಟೆ ನಡೆದರೆ ಚೊಚ್ಚಲಿನವರು ಹೊರಡಬೇಕು. ಆಸ್ಪತ್ರೆ ದೂರ ಇದ್ದರೆ, ಎರಡನೇ ಹೆರಿಗೆಯಾದರೆ ಇನ್ನೂ ಮುಂಚೆ. ನೀರು ಹೋದರೆ ಬೇನೆ ಇಲ್ಲದಿದ್ದರೂ ಹೊರಡಬೇಕು. 108ಕ್ಕೆ ಫೋನ್ ಮಾಡುವುದನ್ನು ಸುಮ್ನೆ ಹೇಳಬೇಡಿ. ಊರು, ತಾಲ್ಲೂಕು, ಹತ್ತಿರದ ಗುರುತು, ಎಷ್ಟನೇ ತಿಂಗಳು, ಏನು ತೊಂದರೆ, ಇವನ್ನು ಹೇಳುವ ಅಭ್ಯಾಸ ಮಾಡಿಸಿ. ಮಲೆನಾಡಿನ ಒಂಟಿಮನೆಗಳಿಗೆ, ತೋಟದ ಮನೆಗಳಿಗೆ ಇನ್ನೊಂದು ವಾಹನದ ನಂಬರೂ ಗೋಡೆ ಮೇಲೆ ಬರೆದಿರಲಿ. ಮಳೆಗಾಲದಲ್ಲಿ ದಿನ ತುಂಬುವವರು ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಮುಂಚೆಯೇ ಹೋಗಿರಲಿ.

ತವರಿಗೆ ಹೊರಟವಳ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಅವಳ ಬಿಪಿ, ಎಚ್‌ಬಿ ಎಲ್ಲ ಗೊತ್ತಿರುವ ಸಿಸ್ಟರ್ ಗಂಡನ ಊರಲ್ಲಿ. ಹೆರಿಗೆ ಮಾಡಿಸುವವರು ತವರಿನಲ್ಲಿ. ನಡುವೆ ಮೂರು-ನಾಲ್ಕು ವಾರ ಯಾರ ಕಣ್ಣಿಗೂ ಬೀಳದೆ ಹೋಗುತ್ತಾಳೆ. ಬಿಪಿ ಏರುವುದು ಹೆಚ್ಚಾಗಿ ಆ ತಿಂಗಳುಗಳಲ್ಲೇ. ಹೊರಡುವ ವಾರ ಮೂರು ಕೆಲಸ ಮಾಡಿ: ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿ ಅವಳ ಬ್ಯಾಗಿನಲ್ಲಿದೆಯಾ ನೋಡಿ, ತವರೂರಿನ ಆಶಾಗೆ ನೀವೇ ಫೋನ್ ಮಾಡಿ, ಅಲ್ಲಿನ ಮುಂದಿನ ತಪಾಸಣೆಯ ದಿನ ಕಾರ್ಡ್ ಮೇಲೆ ಬರೆದುಕೊಡಿ. ಕಲಬುರಗಿ, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದು ಹೆರಿಗೆಗೆ ಊರಿಗೆ ಮರಳುವವರಿಗೂ ಇದೇ ಕ್ರಮ. ಅವರಿಗೆ ಇನ್ನೂ ಜಾಸ್ತಿ ಬೇಕು, ಏಕೆಂದರೆ ಎರಡೂ ಕಡೆಯ ಪಟ್ಟಿಯಿಂದ ಅವರ ಹೆಸರು ಬಿಟ್ಟುಹೋಗುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲ ಉಚಿತ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದು ಹಕ್ಕು. ಗಂಡಂದಿರ ಸಂಜೆಯಲ್ಲಿ ಇದನ್ನು ಬಿಡಿಸಿ ಹೇಳಿ. ತಿಳಿಯದಿದ್ದರೆ, ತೊಂದರೆಯಾದರೆ 104 ಆರೋಗ್ಯವಾಣಿ ಇದೆ.

ಹೆಜ್ಜೆ 8: ನಾಲ್ಕನೇ ತರಗತಿ, ಮಗು ಮತ್ತು ಬಾಣಂತನ

ಗೊಂಬೆ ತೆಗೆಯಿರಿ. ಹುಟ್ಟಿದ ತಕ್ಷಣ ಮಗುವನ್ನು ಒರೆಸಿ ತಾಯಿಯ ಬರಿಯೆದೆಯ ಮೇಲೆ ಮಲಗಿಸುವುದು, ಹೊಕ್ಕುಳ ಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸುವುದು, ಒಂದು ಗಂಟೆಯೊಳಗೆ ಎದೆಗೆ ಹಾಕುವುದು, ಮೊದಲ ಸ್ನಾನಕ್ಕೆ 24 ಗಂಟೆ ಕಾಯುವುದು. ಒಂದೊಂದನ್ನೂ ಗೊಂಬೆಯ ಮೇಲೆ ಮಾಡಿ ತೋರಿಸಿ.

ಹಳದಿ ಬಣ್ಣದ ಗಿಣ್ಣು ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ಹಸುವಿನ ಗಿಣ್ಣನ್ನು ಊರಿಗೆಲ್ಲ ಹಂಚಿ ತಿನ್ನುವ ನಾವು ಮಗುವಿನ ಪಾಲಿನದನ್ನು ಚೆಲ್ಲುವುದು ಯಾಕೆ ಎಂದು ಅಜ್ಜಿಯರನ್ನೇ ಕೇಳಿ. ಮೊದಲ ದಿನ ಮಗುವಿಗೆ ಬೇಕಾಗುವುದು ಕೆಲವೇ ಚಮಚ, ಆ ಗಿಣ್ಣು ಸಾಕು. 'ಹಾಲೇ ಬಂದಿಲ್ಲ' ಎಂದು ಸಕ್ಕರೆ ನೀರು, ಬೆಲ್ಲದ ನೀರು, ಬಜೆ ಕೊಡುವುದು ಬೇಡ. ಜೇನು ಒಂದು ವರ್ಷದವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಮಗುವಿನ ನರಗಳಿಗೆ ಲಕ್ವ ಹೊಡೆಸಬಲ್ಲದು.

ಕಾಲುಚೀಲದ ಎದೆಯಲ್ಲಿ ಹಾಲೂಡಿಸುವುದನ್ನು ತೋರಿಸಿ. ಬಾಯಿ ಅಗಲ ತೆರೆದಿರಬೇಕು, ಗದ್ದ ಎದೆಗೆ ತಾಗಿರಬೇಕು, ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ತೊಟ್ಟನ್ನಷ್ಟೇ ಚೀಪಿದರೆ ತಾಯಿಗೆ ಉರಿ, ಮಗುವಿಗೆ ಹಸಿವು. ದಿನಕ್ಕೆ 8ರಿಂದ 12 ಸಲ. ಐದಾರು ದಿನ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಕಾಗುತ್ತಿದೆ.

ಬಾಣಂತನದಲ್ಲಿ ಎಣ್ಣೆ ನೀರು, ಬೆಚ್ಚಗಿನ ಕೋಣೆ, ಕೂತಲ್ಲಿ ಊಟ, ಕೆಲಸದಿಂದ ಬಿಡುವು, ಎಲ್ಲ ಸರಿ. ನೀರು ಕೊಡದಿರುವುದು, ಸೊಪ್ಪು ತರಕಾರಿ ಬಿಡಿಸುವುದು, ಬಾಗಿಲು ಮುಚ್ಚಿ ಕೆಂಡದ ಹೊಗೆ ಹಾಕುವುದು ಬೇಡ. ಒಂದು ಗಂಟೆಯೊಳಗೆ ಪ್ಯಾಡ್ ಒದ್ದೆಯಾಗಿ ಹೋದರೆ, ಜ್ವರ ಬಂದರೆ, ದುರ್ವಾಸನೆಯ ಸ್ರಾವ ಇದ್ದರೆ ತಕ್ಷಣ ಆಸ್ಪತ್ರೆ.

ಮನಸ್ಸಿನ ವಿಷಯ ತಪ್ಪಿಸಬೇಡಿ. ಹೆರಿಗೆಯಾದ ಮೊದಲ ವಾರ ಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಅಳು, ನಿದ್ದೆ ಬಾರದಿರುವುದು, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದಿರುವುದು ಇದ್ದರೆ ಅದು ಸೊಕ್ಕಲ್ಲ, ಗಾಳಿಯಲ್ಲ, ಕಾಯಿಲೆ. ಗುಣವಾಗುವ ಕಾಯಿಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಗುವನ್ನು ಜೊತೆಗೇ ಇಟ್ಟುಕೊಂಡು ಚಿಕಿತ್ಸೆ ಪಡೆಯುವ ತಾಯಿ-ಮಗು ವಾರ್ಡ್ ಇದೆ. ಸಾಯುವ ಮಾತಾಡಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅಂದರೆ ಎರಡು ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.

ಕಷ್ಟದ ಪ್ರಶ್ನೆಗಳು

'ಟೀಚರ್, ಹೊಟ್ಟೆ ನೋಡಿ ಗಂಡೋ ಹೆಣ್ಣೋ ಹೇಳಿ' ಎಂದು ಯಾರಾದರೂ ಕೇಳುತ್ತಾರೆ. ತಮಾಷೆಗೂ ಉತ್ತರಿಸಬೇಡಿ. ಲಿಂಗಪತ್ತೆ 1994ರ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಆ ಪ್ರಶ್ನೆ ಕೇಳಿದವಳ ಹಿಂದೆ ಯಾರ ಒತ್ತಡ ಇದೆ ಎಂದು ಆಮೇಲೆ ಒಬ್ಬಳನ್ನೇ ಕೂರಿಸಿ ಕೇಳಿ.

ಸಿಜೇರಿಯನ್ ಬಗ್ಗೆ ಸಮತೋಲದಲ್ಲಿ ಮಾತಾಡಿ. ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಿಂದ ಐದನೇ ಸುತ್ತಿಗೆ ಬರುವಷ್ಟರಲ್ಲಿ ಕರ್ನಾಟಕದಲ್ಲಿ ಸಿಜೇರಿಯನ್ ಪ್ರಮಾಣ ಶೇ 23.6ರಿಂದ ಶೇ 31.5ಕ್ಕೆ ಏರಿದೆ. ಇಷ್ಟೂ ಅಗತ್ಯವಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಹಾಗಂತ ತರಗತಿಯಲ್ಲಿ 'ನಾರ್ಮಲ್ ಆದರೆ ಗಟ್ಟಿಗಿತ್ತಿ' ಎನ್ನಬೇಡಿ. ಆ ಮಾತು ಆಪರೇಷನ್ ಆದವಳನ್ನು ಬಹಳ ದಿನ ಚುಚ್ಚುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ಎಚ್ಚರ ಇರುತ್ತದೆ, ಮಗುವಿನ ಅಳು ಕೇಳಿಸುತ್ತದೆ, ಸಹಾಯ ಇದ್ದರೆ ಬೇಗನೇ ಹಾಲೂಡಿಸಬಹುದು ಎಂದು ಎಲ್ಲರಿಗೂ ಹೇಳಿಡಿ.

ನಗರಗಳಲ್ಲಿ ಗರ್ಭ ಸಂಸ್ಕಾರದ ತರಗತಿಗಳು ಹೆಚ್ಚಾಗಿವೆ. ಅಭಿಮನ್ಯುವಿನ ಕತೆ ಹೇಳಿ ಸಾವಿರಾರು ರೂಪಾಯಿ ತೆಗೆದುಕೊಳ್ಳುತ್ತಾರೆ. ಹಾಡು ಕೇಳಿ, ದೇವರ ನಾಮ ಹೇಳಿ, ಮಗುವಿನ ಜೊತೆ ಮಾತಾಡಿ. ತಾಯಿಗೆ ನೆಮ್ಮದಿ ಸಿಗುತ್ತದೆ, ಆರನೇ-ಏಳನೇ ತಿಂಗಳ ಹೊತ್ತಿಗೆ ಮಗುವಿಗೂ ತಾಯಿಯ ದನಿ ಕೇಳಿಸುತ್ತದೆ. ಆದರೆ ಬುದ್ಧಿವಂತ ಮಗು, ಬೆಳ್ಳಗಿನ ಮಗು, ಗಂಡು ಮಗು ಎಂದು ಭರವಸೆ ಕೊಡುವವರ ಹತ್ತಿರ ಹೋಗಬೇಡಿ. ದುಡ್ಡು ಕೊಟ್ಟು ಸೇರುವವರು ಕಲಿಸುವವರ ತರಬೇತಿ ಏನು, ಎಷ್ಟು ಹೆರಿಗೆ ಹತ್ತಿರದಿಂದ ನೋಡಿದ್ದಾರೆ, ತೊಂದರೆ ಬಂದಾಗ ಯಾವ ಡಾಕ್ಟರ್‌ಗೆ ಕಳಿಸುತ್ತಾರೆ ಎಂದು ಕೇಳಲೇಬೇಕು.

ಹಿಂದೆ ಗರ್ಭ ಹೋದವರು, ಮಗುವನ್ನು ಕಳೆದುಕೊಂಡವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಎಲ್ಲರೆದುರು ಕೇಳಬೇಡಿ. ಬಲೂನಿನ ದಿನಕ್ಕೆ ಮುಂಚೆ ಮನೆಗೆ ಹೋಗಿ, 'ಬರೋಕೆ ಇಷ್ಟ ಇದೆಯಾ, ಅಥವಾ ನಾನೇ ಬಂದು ಹೇಳಿಕೊಡಲಾ?' ಎಂದು ಕೇಳಿ. ಹದಿನೆಂಟು ತುಂಬದ ಹುಡುಗಿಯರಿದ್ದರೂ ಹಾಗೆಯೇ. ಅವರಿಗೆ ಉಪದೇಶ ಬೇಡ, ಹೆಚ್ಚಿನ ತಪಾಸಣೆ ಬೇಕು.

ಹೆಜ್ಜೆ 9: ಹೆರಿಗೆ ಆದವರಿಂದ ಕಲಿಯುವುದು

ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ 3, 7, 14, 21, 28, 42ನೇ ದಿನ ಹೋಗಬೇಕು. ಅದರಲ್ಲಿ ಒಂದು ಭೇಟಿಯಲ್ಲಿ, ಮಗುವಿನ ತೂಕ ನೋಡಿ ಆದ ಮೇಲೆ, ತಾಯಿಗೆ ಮೂರು ಪ್ರಶ್ನೆ ಕೇಳಿ. ತರಗತಿಯಲ್ಲಿ ಹೇಳಿದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು? ಯಾವುದನ್ನು ನಾವು ಹೇಳಿರಲಿಲ್ಲ? ಆಸ್ಪತ್ರೆಯಲ್ಲಿ ಯಾವ ಮಾತು ಬೇಸರ ತಂದಿತು? ಉತ್ತರವನ್ನು ಹೆಸರು ಹಾಕದೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮೂರನೇ ಪ್ರಶ್ನೆಯ ಉತ್ತರಗಳನ್ನು ತಿಂಗಳ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಮುಂದೆ ಓದಿ. ಒಬ್ಬಳ ದೂರು ಎಂದಾದರೆ ಯಾರೂ ಕಿವಿಗೊಡುವುದಿಲ್ಲ. ಎಂಟು ಜನ ಒಂದೇ ಮಾತು ಹೇಳಿದ್ದಾರೆ ಎಂದಾಗ ಕೇಳಿಸಿಕೊಳ್ಳಲೇಬೇಕಾಗುತ್ತದೆ.

ಮೂರು ತಿಂಗಳು ತುಂಬಿದ ಮಗುವನ್ನು ಎತ್ತಿಕೊಂಡು ಬರುವಂತೆ ಒಬ್ಬ ತಾಯಿಯನ್ನು ಮುಂದಿನ ತಂಡದ ಎರಡನೇ ತರಗತಿಗೆ ಕರೆಯಿರಿ. ಬಲೂನು, ಚೆಂಡು ಅವಳ ಕೈಗೆ ಕೊಡಿ. ಪಾಠ ಅವಳು ಮಾಡಲಿ, ನೀವು ಮಗುವನ್ನು ಎತ್ತಿಕೊಂಡಿರಿ.